ಅಡ್ರೆಸ್ ಕೊಡದವನು ಕೊಟ್ಟ ಎಕ್ಸ್, ವೈ

ಪೈಥಾನಿನಲ್ಲಿ ಟಿಕಿಂಟರ್ ಕಲಿಯಲು ಕೂತವರೆಲ್ಲ ಮೊದಲ ವಾರದಲ್ಲೇ ಮಾಡುವ ಒಂದು ಪುಟ್ಟ ಪ್ರೋಗ್ರಾಂ ಇದೆ. ಒಂದು ಖಾಲಿ ವಿಂಡೋ, ಅದರೊಳಗೆ ಒಂದು ಲೇಬಲ್. ವಿಂಡೋದಲ್ಲಿ ಮೌಸ್ ಓಡಾಡಿಸಿದಂತೆಲ್ಲ ಲೇಬಲ್ಲಿನಲ್ಲಿ ಎರಡು ಸಂಖ್ಯೆ ಬದಲಾಗುತ್ತಾ ಹೋಗಬೇಕು, ಅಷ್ಟೆ. ಹತ್ತು ಸಾಲಿನ ಕೋಡ್ ಸಾಕು. ಮೋಷನ್ ಅನ್ನೋ ಇವೆಂಟಿಗೆ ನಮ್ಮದೊಂದು ಫಂಕ್ಷನ್ ಕಟ್ಟಿಬಿಟ್ಟರೆ, ಮೌಸ್ ಅಲ್ಲಾಡಿದಾಗಲೆಲ್ಲ ಆ ಫಂಕ್ಷನ್ನಿಗೆ ಕರೆ ಬರುತ್ತೆ. ಕರೆಯ ಜೊತೆಗೇ ಎಕ್ಸ್ ಎಷ್ಟು, ವೈ ಎಷ್ಟು ಅನ್ನೋದೂ ಬರುತ್ತೆ. ಅದನ್ನ ತಗೊಂಡು ಲೇಬಲ್ಲಿಗೆ ಬರೆದರೆ ಮುಗೀತು.

ಮಾಡೋಕೆ ಇಷ್ಟು ಸುಲಭ, ಆದರೆ ಸ್ವಲ್ಪ ಹೊತ್ತು ನೋಡ್ತಾ ಕೂತರೆ ಇದು ಸಣ್ಣ ವಿಷಯ ಅಲ್ಲ ಅನ್ನಿಸುತ್ತೆ. 1920 ಅಡ್ಡ, 1080 ಉದ್ದದ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಒಂದಕ್ಕೂ ಹೆಸರಿಲ್ಲ. ಆದರೂ 412, 87 ಅಂದರೆ ಅಷ್ಟೂ ಚುಕ್ಕೆಗಳಲ್ಲಿ ಒಂದೇ ಒಂದು ಚುಕ್ಕೆ, ತಪ್ಪಿಸಿಕೊಳ್ಳೋಕೆ ಆಗಲ್ಲ.

ನಮ್ಮೂರು ರನ್ನ ಬೆಳಗಲಿಯಲ್ಲಿ ಜಾಗ ಹೇಳೋ ರೀತಿ ಬೇರೆ. ಯಾರ ಮನೆ ಕೇಳಿದರೂ ಬಸ್ ಸ್ಟ್ಯಾಂಡ್ ದಾಟಿ ಮುಂದ ಹೋಗ್ರಿ, ಗುಡಿ ಬರ್ತದ, ಎಡಕ್ಕ ಹೊಳ್ರಿ, ಬೇವಿನ ಗಿಡದ ಬಾಜೂ ಮನಿ ಅಂತಾರೆ. ಊರಿನ ಹೆಸರಲ್ಲೇ ಇರುವ ಕವಿ ರನ್ನ ಸಾವಿರ ವರ್ಷದ ಹಿಂದೆ ತನ್ನ ಜಾಗ ಹೇಳಿಕೊಂಡದ್ದೂ ಹೆಸರುಗಳಿಂದಲೇ. ಬೆಳುಗಲಿ ನಾಡು, ಜಂಬುಖಂಡಿ ಎಪ್ಪತ್ತು, ಮುದುವೊಳಲು. ಆ ಮುದುವೊಳಲೇ ಇವತ್ತಿನ ಮುಧೋಳ, ಜಂಬುಖಂಡಿ ಅಂದರೆ ಜಮಖಂಡಿ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟ ಹಾಗೆ. ಇದರಲ್ಲಿ ಒಂದು ತೊಂದರೆ ಇದೆ. ಹೆಸರಿಲ್ಲದ ಜಾಗವನ್ನ ಹೇಳೋಕೆ ಆಗಲ್ಲ. ಕಬ್ಬಿನ ಹೊಲದ ನಟ್ಟನಡುವೆ ನಿಂತವನು ಫೋನಿನಲ್ಲಿ ತಾನೆಲ್ಲಿದ್ದೀನಿ ಅಂತ ಹೇಳಲು ಪಡುವ ಪಾಡು ನಮ್ಮ ಕಡೆಯ ಎಲ್ಲರಿಗೂ ಗೊತ್ತು.

ಹೆಸರೇ ಬೇಡ, ಎರಡು ಅಳತೆ ಸಾಕು, ಆಮೇಲೆ ಉಳಿದದ್ದನ್ನ ಬೀಜಗಣಿತಕ್ಕೆ ಬಿಟ್ಟುಬಿಡಿ ಅನ್ನೋ ದಾರಿಯನ್ನ ಪುಸ್ತಕದಲ್ಲಿ ಅಚ್ಚು ಮಾಡಿಸಿದವನು ರೆನೆ ಡೆಕಾರ್ಟ್. ಲ್ಯಾಟಿನ್ನಿನಲ್ಲಿ ಅವನ ಹೆಸರು ಕಾರ್ಟೀಸಿಯಸ್. ಹೈಸ್ಕೂಲಿನಿಂದ ನಾವು ಉರು ಹೊಡೆದಿರೋ ಕಾರ್ಟೀಸಿಯನ್ ಅನ್ನೋ ಪದ ಬಂದದ್ದು ಅಲ್ಲಿಂದ. ಕನ್ನಡ ಮೀಡಿಯಂನವರು ನಿರ್ದೇಶಾಂಕ ಅಂತ ಓದಿರ್ತಾರೆ, ಅದರಲ್ಲಿ ಅವನ ಹೆಸರು ಇಲ್ಲ. ಅವನ ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ನಮ್ಮನ್ನ ಹಿಡಿದಿಟ್ಟುಕೊಂಡದ್ದು ಗಣಿತಕ್ಕಿಂತ ಇನ್ನೊಂದು ಸಂಗತಿ. ಯಾವ ಬಿಂದು ಎಲ್ಲಿದೆ ಅನ್ನೋದನ್ನ ಹೇಳಲು ಕಲಿಸಿದ ಈ ಮನುಷ್ಯ, ತಾನು ಎಲ್ಲಿದ್ದೀನಿ ಅನ್ನೋದನ್ನ ಇಪ್ಪತ್ತು ವರ್ಷ ಜನರಿಂದ ಮುಚ್ಚಿಟ್ಟುಕೊಂಡು ಬದುಕಿದ. (ಅವನ ಹೆಸರಿನಲ್ಲಿ ಟೀ ಶರ್ಟಿನ ಮೇಲೆಲ್ಲ ಅಚ್ಚಾಗುವ ಆ ಒಂದು ಪ್ರಸಿದ್ಧ ವಾಕ್ಯ ಈ ಲೇಖನದಲ್ಲಿ ಬರಲ್ಲ. ಅದು ಎಲ್ಲರಿಗೂ ಗೊತ್ತು.)

ಹುಟ್ಟಿದ್ದು 1596ರ ಮಾರ್ಚ್ 31ರಂದು, ಫ್ರಾನ್ಸಿನ ತೂರೇನ್ ಪ್ರಾಂತ್ಯದ ಲಾ ಹೇ ಅನ್ನೋ ಸಣ್ಣ ಊರಿನಲ್ಲಿ. ಆ ಊರಿನ ಹೆಸರು ಈಗ ಲಾ ಹೇ ಅಲ್ಲ, ಡೆಕಾರ್ಟ್. ಬೆಳಗಲಿಯ ಹೆಸರಿನ ಮುಂದೆ ರನ್ನ ಬಂದು ಕೂತ ಹಾಗೆ ಅಲ್ಲೂ ಮೊದಲು 1802ರಲ್ಲಿ ಲಾ ಹೇ-ಡೆಕಾರ್ಟ್ ಆಯಿತು. 1967ರಲ್ಲಿ ಹಳೆಯ ಹೆಸರನ್ನ ಪೂರ್ತಿ ಬಿಟ್ಟು ಬರೀ ಡೆಕಾರ್ಟ್ ಅಂತ ಇಟ್ಟರು. ನಮ್ಮವರು ಇನ್ನೂ ಬೆಳಗಲಿಯನ್ನ ಬಿಟ್ಟಿಲ್ಲ, ಬಿಡೋದೂ ಬೇಡ.

ಮಗು ವರ್ಷ ದಾಟುವಷ್ಟರಲ್ಲಿ ಇನ್ನೊಂದು ಹೆರಿಗೆಯಾಗಿ ತಾಯಿ ತೀರಿಕೊಂಡಳು. ತಂದೆ ಬ್ರಿಟನಿಯ ನ್ಯಾಯಸಭೆಯಲ್ಲಿ ಅಧಿಕಾರಿ, ಊರಲ್ಲಿ ಇರುತ್ತಿದ್ದುದೇ ಕಡಿಮೆ. ಬೆಳೆಸಿದವಳು ತಾಯಿಯ ತಾಯಿ. ಸುಮಾರು ಹತ್ತು ವರ್ಷಕ್ಕೆ ಲಾ ಫ್ಲೆಶ್ ಅನ್ನೋ ಊರಿನ ಜೆಸ್ಯೂಟ್ ಪಾದ್ರಿಗಳ ಕಾಲೇಜಿಗೆ ಹಾಕಿದರು. ಹಾಸ್ಟೆಲ್ ಜೀವನ. ಆದರೆ ಹುಡುಗನ ಆರೋಗ್ಯ ಸೂಕ್ಷ್ಮ ಅಂತ ಬೆಳಿಗ್ಗೆ ತಡವಾಗಿ ಏಳೋಕೆ ಅನುಮತಿ ಸಿಕ್ಕಿತು. ನಮ್ಮ ಹಾಸ್ಟೆಲ್ಲಿನವರು ಈ ಸಾಲನ್ನ ಎರಡು ಸಲ ಓದಬಹುದು. ಹಾಸಿಗೆಯಲ್ಲಿ ಮಲಗಿಕೊಂಡೇ ಯೋಚನೆ ಮಾಡುವ ಈ ಅಭ್ಯಾಸ ಅವನಿಗೆ ಕೊನೆವರೆಗೂ ಉಳಿಯಿತು. ಕೊನೆಗೆ ಅದನ್ನ ಬಿಡಬೇಕಾಗಿ ಬಂದಾಗ ಏನಾಯಿತು ಅನ್ನೋದು ಮುಂದೆ ಬರುತ್ತೆ.

1616ರಲ್ಲಿ ಪ್ವಾತಿಯೇ ವಿಶ್ವವಿದ್ಯಾಲಯದಿಂದ ಕಾನೂನಿನ ಡಿಗ್ರಿ ಪಡೆದ. ಓದಿದ್ದು ಒಂದು, ಮಾಡಿದ್ದು ಇನ್ನೊಂದು. ಈ ರೋಗ ಇಂಜಿನಿಯರಿಂಗಿಗೆ ಮಾತ್ರ ಸೀಮಿತ ಅಲ್ಲ. ವಕೀಲಿ ಮಾಡದೆ 1618ರಲ್ಲಿ ನೆದರ್‌ಲ್ಯಾಂಡ್ಸಿನ ಬ್ರೆಡಾ ಪಟ್ಟಣಕ್ಕೆ ಹೋಗಿ ಅಲ್ಲಿನ ರಾಜಕುಮಾರ ಮಾರಿಸನ ಸೈನ್ಯ ಸೇರಿಕೊಂಡ. ಅಲ್ಲಿ ಅದೇ ವರ್ಷ ನವೆಂಬರಿನಲ್ಲಿ ಐಸಾಕ್ ಬೀಕ್‌ಮನ್ ಅನ್ನೋ ವಿದ್ವಾಂಸನ ಪರಿಚಯ ಆಯಿತು. ಬೀಕ್‌ಮನ್ ಅವನಿಗಿಂತ ಏಳೆಂಟು ವರ್ಷ ದೊಡ್ಡವನು. ಭೌತಶಾಸ್ತ್ರದ ಪ್ರಶ್ನೆಗಳನ್ನ ಗಣಿತದಿಂದ ಬಿಡಿಸಬಹುದು ಅನ್ನೋ ಹುಚ್ಚು ಇಬ್ಬರಿಗೂ ಇತ್ತು. ಮುಂದೆ ಇವರಿಬ್ಬರ ನಡುವೆ ಜಗಳ ಆಯಿತು. ಯಾರು ಯಾರಿಂದ ಕಲಿತರು ಅನ್ನೋದರ ಮೇಲೆ. ಡೆಕಾರ್ಟ್ ಆ ಜಗಳದಲ್ಲಿ ನಡೆದುಕೊಂಡ ರೀತಿ ನಮಗೆ ಹಿಡಿಸಲಿಲ್ಲ. ದೊಡ್ಡ ಮನುಷ್ಯನಾದ ಮೇಲೆ ಹಳೆಯ ಗೆಳೆಯನ ಋಣ ಒಪ್ಪಿಕೊಳ್ಳೋಕೆ ಅವನಿಗೆ ಕಷ್ಟ ಆಯಿತು.

ಇಲ್ಲಿ ನೊಣದ ಕಥೆ ಹೇಳಿಬಿಡಬೇಕು. ಹಾಸಿಗೆಯಲ್ಲಿ ಮಲಗಿದ್ದ ಡೆಕಾರ್ಟ್ ಚಾವಣಿ ಮೇಲೆ ಹರಿದಾಡ್ತಿದ್ದ ನೊಣ ನೋಡಿದನಂತೆ, ಎರಡು ಗೋಡೆಗಳಿಂದ ಅದು ಎಷ್ಟೆಷ್ಟು ದೂರ ಇದೆ ಅಂತ ಹೇಳಿದರೆ ನೊಣದ ಜಾಗ ಗೊತ್ತಾಗುತ್ತೆ ಅಂತ ಹೊಳೀತಂತೆ. ಕಥೆ ಚಂದ ಇದೆ, ನಮ್ಮ ಪ್ರೋಗ್ರಾಂಗೆ ಹೇಳಿ ಮಾಡಿಸಿದ ಹಾಗೂ ಇದೆ. ನೊಣ ಅಂದರೆ ಮೌಸ್, ಚಾವಣಿ ಅಂದರೆ ವಿಂಡೋ. ಆದರೆ ಡೆಕಾರ್ಟ್ ಬರೆದ ಯಾವುದರಲ್ಲೂ ಈ ನೊಣ ಇಲ್ಲ. ಆಮೇಲಿನವರು ಕಟ್ಟಿದ ಕಥೆ. ಎರಡು ಸಂಖ್ಯೆಯಿಂದ ಜಾಗ ಹೇಳೋದು ಅವನಿಗಿಂತ ಎಷ್ಟೋ ಹಳೆಯದು ಕೂಡ. ಗ್ರೀಕರ ಟಾಲೆಮಿ ಊರುಗಳನ್ನ ಅಕ್ಷಾಂಶ ರೇಖಾಂಶದಿಂದ ಪಟ್ಟಿ ಮಾಡಿದ್ದ. ನಮ್ಮ ಖಗೋಳಜ್ಞರು ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯಿಂದ ದೂರ ಎಣಿಸುತ್ತಿದ್ದರು.

ಹಾಗಾದರೆ ಡೆಕಾರ್ಟ್ ಮಾಡಿದ್ದೇನು? ಅದಕ್ಕೆ 1631ಕ್ಕೆ ಹೋಗಬೇಕು. ಆ ಹೊತ್ತಿಗೆ ಅವನು ಸೈನ್ಯ ಬಿಟ್ಟು, ಯುರೋಪ್ ಸುತ್ತಿ, ನೆದರ್‌ಲ್ಯಾಂಡ್ಸಿಗೆ ಬಂದು ಎರಡು ಮೂರು ವರ್ಷ ಆಗಿತ್ತು. ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಗೋಲಿಯಸ್ ಅವನಿಗೊಂದು ಹಳೆಯ ಲೆಕ್ಕ ಕೊಟ್ಟ. ಅಲೆಕ್ಸಾಂಡ್ರಿಯಾದ ಪಾಪಸ್ ಅನ್ನೋ ಗಣಿತಜ್ಞನ ಪುಸ್ತಕದಲ್ಲಿ ಅರ್ಧಕ್ಕೆ ನಿಂತಿದ್ದ ಲೆಕ್ಕ ಅದು. ಸರಳ ಮಾಡಿ ಹೇಳಿದರೆ ಹೀಗಿದೆ. ಕಾಗದದ ಮೇಲೆ ನಾಲ್ಕು ಗೆರೆ ಎಳೆದಿದೆ. ಒಂದು ಬಿಂದುವಿನಿಂದ ಮೊದಲೆರಡು ಗೆರೆಗಳಿಗೆ ಇರುವ ದೂರಗಳನ್ನ ಗುಣಿಸಿ. ಉಳಿದೆರಡಕ್ಕೆ ಇರುವ ದೂರಗಳನ್ನೂ ಗುಣಿಸಿ. ಎರಡು ಗುಣಲಬ್ಧಗಳೂ ಸಮ ಇರಬೇಕು. ಅಂಥ ಬಿಂದುಗಳೆಲ್ಲ ಸೇರಿ ಯಾವ ಆಕಾರ ಆಗುತ್ತೆ? ನಾಲ್ಕು ಗೆರೆಯವರೆಗೆ ಗ್ರೀಕರಿಗೆ ದಾರಿ ಗೊತ್ತಿತ್ತು. ಗೆರೆಗಳು ಹೆಚ್ಚಾದ ಹಾಗೆ ಅವರು ನಿಂತುಬಿಟ್ಟಿದ್ದರು.

ನಿಲ್ಲೋಕೆ ಒಂದು ಕಾರಣ ಇತ್ತು. ಹಳಬರ ಲೆಕ್ಕದಲ್ಲಿ ಎರಡು ಉದ್ದ ಗುಣಿಸಿದರೆ ಸಿಗೋದು ಉದ್ದ ಅಲ್ಲ, ಕ್ಷೇತ್ರಫಲ. ಮೂರು ಗುಣಿಸಿದರೆ ಘನಫಲ. ನಾಲ್ಕು ಗುಣಿಸಿದರೆ? ಅಂಥದ್ದೊಂದು ವಸ್ತು ಲೋಕದಲ್ಲೇ ಇಲ್ಲ, ಅದಕ್ಕೆ ಅರ್ಥವೂ ಇಲ್ಲ ಅಂತ ಅವರ ಭಾವನೆ. ಡೆಕಾರ್ಟ್ ಇದನ್ನ ಒಂದು ಉಪಾಯದಿಂದ ದಾಟಿದ. ಯಾವುದಾದರೂ ಒಂದು ಉದ್ದವನ್ನ ಒಂದು ಅಂತ ಇಟ್ಟುಕೊಳ್ಳಿ. ಆಮೇಲೆ ಸಮರೂಪ ತ್ರಿಭುಜದ ಸಹಾಯದಿಂದ ಎರಡು ಉದ್ದಗಳ ಗುಣಲಬ್ಧವೂ ಒಂದು ಉದ್ದವೇ ಆಗುವ ಹಾಗೆ ಗೆರೆ ಎಳೆಯಬಹುದು. ನಾಲ್ಕಲ್ಲ, ನಲವತ್ತು ಗುಣಿಸಿದರೂ ಉತ್ತರ ಒಂದು ಗೆರೆ. ನಮ್ಮ ವಿಂಡೋದಲ್ಲಿ ಪಿಕ್ಸೆಲ್ ಮಾಡುವ ಕೆಲಸ ಇದೇ ಅಲ್ಲವಾ, ಒಂದು ಅಂದರೆ ಎಷ್ಟು ಅಂತ ಮೊದಲೇ ಒಪ್ಪಿಕೊಂಡುಬಿಡೋದು.

ಇನ್ನು ಪಾಪಸನ ಲೆಕ್ಕ. ಕೊಟ್ಟ ಗೆರೆಗಳಲ್ಲಿ ಒಂದನ್ನ ಆರಿಸಿಕೊಂಡ, ಅದರ ಮೇಲೊಂದು ಬಿಂದು ಗುರುತು ಮಾಡಿದ. ಆ ಬಿಂದುವಿನಿಂದ ಗೆರೆಗುಂಟ ಹೋಗುವ ಉದ್ದಕ್ಕೆ ಎಕ್ಸ್, ಅಲ್ಲಿಂದ ಹುಡುಕುತ್ತಿರುವ ಬಿಂದುವಿನವರೆಗಿನ ಉದ್ದಕ್ಕೆ ವೈ ಅಂತ ಹೆಸರಿಟ್ಟ. ಉಳಿದ ಎಲ್ಲ ದೂರಗಳನ್ನೂ ಈ ಎರಡರಿಂದಲೇ ಬರೆದ. ಅಷ್ಟಾದ ಮೇಲೆ ಚಿತ್ರ ಬದಿಗಿಟ್ಟರೂ ನಡೆಯುತ್ತೆ, ಸಮೀಕರಣ ಬಿಡಿಸುತ್ತಾ ಹೋದರಾಯಿತು. ಬಿಂದುವಿಗೆ ಅಡ್ರೆಸ್ ಕೊಟ್ಟದ್ದು ಹೊಸದಲ್ಲ. ಒಂದು ಇಡೀ ವಕ್ರರೇಖೆಯನ್ನ, ಅದರ ಮೇಲಿನ ಎಣಿಸಲಾಗದಷ್ಟು ಬಿಂದುಗಳನ್ನ, ಎಕ್ಸ್ ಮತ್ತು ವೈ ನಡುವಿನ ಒಂದೇ ಒಂದು ಸಾಲಿನ ಸಂಬಂಧದಲ್ಲಿ ಹಿಡಿದದ್ದು ಹೊಸದು. ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಝಡ್, ಗೊತ್ತಿರುವುದಕ್ಕೆ ಎ, ಬಿ, ಸಿ ಅನ್ನೋ ಪದ್ಧತಿ ಕೂಡ ಅವನದೇ. ಅಕ್ಷರದ ತಲೆ ಮೇಲೆ ಸಣ್ಣ ಮೂರು, ಸಣ್ಣ ನಾಲ್ಕು ಬರೆಯೋದೂ ಅವನಿಂದಲೇ ರೂಢಿಗೆ ಬಂತು.

ನಮಗೆ ಇನ್ನೂ ಹೆಚ್ಚು ಖುಷಿ ಕೊಟ್ಟದ್ದು ಅವನ ಯಂತ್ರಗಳು. ವಕ್ರರೇಖೆ ಎಳೆಯಲು ಒಂದಕ್ಕೊಂದು ಕೂಡಿಸಿದ, ಜಾರುವ ಅಳತೆಪಟ್ಟಿಗಳ ಜೋಡಣೆಯನ್ನ ಅವನು ವಿವರಿಸಿದ. ಒಂದು ಪಟ್ಟಿ ತಿರುಗಿಸಿದರೆ ಅದು ಇನ್ನೊಂದನ್ನ ತಳ್ಳುತ್ತೆ, ಅದು ಮತ್ತೊಂದನ್ನ. ತುದಿಯ ಬಿಂದು ಚಲಿಸುತ್ತಾ ರೇಖೆ ಮೂಡಿಸುತ್ತೆ. ಬಿಂದು ಚಲಿಸಿದಂತೆಲ್ಲ ಎಕ್ಸ್ ಮತ್ತು ವೈ ಬದಲಾಗುತ್ತವೆ. ಅಂದರೆ ಅವನ ತಲೆಯಲ್ಲಿದ್ದದ್ದು ಗ್ರಾಫ್ ಶೀಟಿನ ಮೇಲೆ ಸುಮ್ಮನೆ ಕೂತ ಚುಕ್ಕೆ ಅಲ್ಲ, ಓಡಾಡುವ ಚುಕ್ಕೆ. ಲೇಬಲ್ ಒಂದಿರಲಿಲ್ಲ, ಅಷ್ಟೆ.

ಇಂದಿನ ಪಠ್ಯಪುಸ್ತಕದ ಚಿತ್ರವನ್ನ ಅವನ ಪುಸ್ತಕದಲ್ಲಿ ಹುಡುಕಿದರೆ ಸಿಗಲ್ಲ. ಒಂದಕ್ಕೊಂದು ಲಂಬವಾಗಿ ಎರಡು ಅಕ್ಷ ಎಳೆದು, ನಡುವೆ ಸೊನ್ನೆ ಇಟ್ಟು, ನಾಲ್ಕು ಭಾಗ ಮಾಡೋದು ಅವನಲ್ಲಿ ಇಲ್ಲ. ಅವನ ಎಕ್ಸ್ ಮತ್ತು ವೈ ಓರೆಯಾಗಿಯೂ ಇರಬಹುದು. ಋಣ ಬೆಲೆಗಳ ಹತ್ತಿರ ಅವನು ಹೋಗುತ್ತಿರಲಿಲ್ಲ. ಅದೆಲ್ಲ ಆಮೇಲಿನವರ ಕೆಲಸ. ಕೋಆರ್ಡಿನೇಟ್ ಅನ್ನೋ ಪದವನ್ನ ಬಳಕೆಗೆ ತಂದವನು ಲೈಬ್ನಿಟ್ಸ್. ನಮ್ಮ ವಿಂಡೋದಲ್ಲಂತೂ ವೈ ತಲೆಕೆಳಗು. ಸೊನ್ನೆ ಇರೋದು ಎಡಗಡೆ ಮೇಲಿನ ಮೂಲೆಯಲ್ಲಿ, ಕೆಳಗೆ ಇಳಿದಂತೆ ವೈ ಹೆಚ್ಚುತ್ತೆ. ಹಳೆಯ ಟಿವಿ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಎಡ ಮೇಲ್ತುದಿಯಿಂದ ಶುರುವಾಗಿ ಸಾಲುಸಾಲಾಗಿ ಕೆಳಗೆ ಬರುತ್ತಿತ್ತು, ನಾವು ಪುಟ ಓದೋ ಹಾಗೆ. ಟ್ಯೂಬ್ ಹೋಯಿತು, ರೂಢಿ ಉಳೀತು. ಮ್ಯಾಥ್ಸ್ ಸರ್ ಹೇಳಿದ್ದಕ್ಕೆ ಉಲ್ಟಾ ಆಯಿತಲ್ಲ ಅಂತ ಗಾಬರಿ ಬೇಡ. ಅಕ್ಷ ಯಾವ ಕಡೆಗಾದರೂ ತಿರುಗಿರಲಿ, ಒಪ್ಪಂದ ಒಂದಿದ್ದರೆ ಸಾಕು ಅನ್ನೋದರಲ್ಲಿ ಡೆಕಾರ್ಟ್ ನಮ್ಮ ಕಡೆಯೇ ಇರ್ತಿದ್ದ.

ಈ ಗಣಿತ ಅಚ್ಚಾದದ್ದು 1637ರಲ್ಲಿ, ಲೈಡನ್ನಿನಲ್ಲಿ. ವಿಧಾನದ ಬಗ್ಗೆ ಒಂದು ಪ್ರಬಂಧ, ಅದರ ಬೆನ್ನಿಗೆ ಮೂರು ಉದಾಹರಣೆ. ಬೆಳಕಿನ ಬಗ್ಗೆ ಒಂದು, ಮಳೆ ಮೋಡ ಕಾಮನಬಿಲ್ಲಿನ ಬಗ್ಗೆ ಒಂದು, ಕೊನೆಯಲ್ಲಿ ನೂರಕ್ಕೆ ಸ್ವಲ್ಪ ಹೆಚ್ಚು ಪುಟದ ರೇಖಾಗಣಿತ. ವಿದ್ವಾಂಸರ ಲ್ಯಾಟಿನ್ ಬಿಟ್ಟು ತನ್ನ ನುಡಿ ಫ್ರೆಂಚಿನಲ್ಲಿ ಬರೆದ. ಕನ್ನಡ ಸಂಘದವರಾಗಿ ಇದಕ್ಕೆ ನಾವು ಎದ್ದು ನಿಂತು ಚಪ್ಪಾಳೆ ಹೊಡೀತೀವಿ. ಆದರೆ ಪುಸ್ತಕದ ಮೇಲೆ ಬರೆದವನ ಹೆಸರು ಇರಲಿಲ್ಲ. ಹೆಸರು ಹಾಕಬೇಡಿ ಅಂದವನು ಅವನೇ.

ಯಾಕೆ ಅಂತ ತಿಳಿಯಲು ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1633ರಲ್ಲಿ ಅವನು ಜಗತ್ತಿನ ರಚನೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಮುಗಿಸುತ್ತಿದ್ದ. ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅನ್ನೋದು ಅದರ ಒಳಗೆ ಹೆಣೆದುಕೊಂಡಿತ್ತು. ಅದೇ ವರ್ಷ ರೋಮಿನಲ್ಲಿ ಗೆಲಿಲಿಯೋಗೆ ಶಿಕ್ಷೆ ಆದ ಸುದ್ದಿ ಬಂತು. ಡೆಕಾರ್ಟ್ ಇದ್ದದ್ದು ಪ್ರಾಟೆಸ್ಟೆಂಟರ ನಾಡಿನಲ್ಲಿ, ರೋಮಿನ ಕೈ ಅಲ್ಲಿಗೆ ಸುಲಭಕ್ಕೆ ಚಾಚುವಂತಿರಲಿಲ್ಲ. ಆದರೂ ಅಚ್ಚು ನಿಲ್ಲಿಸಿದ. ಆ ಪುಸ್ತಕ ಹೊರಬಂದದ್ದು ಅವನು ಸತ್ತ ಮೇಲೆ, 1664ರಲ್ಲಿ. ಇದನ್ನ ಹೇಡಿತನ ಅನ್ನೋರು ಇದ್ದಾರೆ. ನಮ್ಮ ತಂಡದಲ್ಲೇ ಈ ಬಗ್ಗೆ ಎರಡು ಅಭಿಪ್ರಾಯ. ಗೆಲಿಲಿಯೋ ಮುದಿ ವಯಸ್ಸಿನಲ್ಲಿ ಮಂಡಿಯೂರಿದ ಮೇಲೂ ಮನೆಯೊಳಗೇ ಸೆರೆಯಾಗಿ ಉಳಿದ. ಅದನ್ನ ದೂರದಿಂದ ಕೇಳಿದ ಮೂವತ್ತೇಳರ ಮನುಷ್ಯ ಬಾಯಿ ಮುಚ್ಚಿಕೊಂಡದ್ದನ್ನ ಇವತ್ತು ನಾವು ಕುರ್ಚಿಯಲ್ಲಿ ಕೂತು ಅಳೆಯೋದು ಅಷ್ಟು ಸರಿ ಅಲ್ಲ ಅಂತ ಕೊನೆಗೆ ಒಪ್ಪಿಕೊಂಡೆವು. ಪೂರ್ತಿ ಅಲ್ಲ.

ಅಡಗಿಕೊಳ್ಳುವ ಸ್ವಭಾವ ಆ ಸುದ್ದಿಗಿಂತ ಮೊದಲೇ ಇತ್ತು. ನೆದರ್‌ಲ್ಯಾಂಡ್ಸಿನ ಇಪ್ಪತ್ತು ವರ್ಷಗಳಲ್ಲಿ ಅವನು ಮನೆ ಬದಲಾಯಿಸಿದ್ದಕ್ಕೆ ಲೆಕ್ಕವೇ ಇಲ್ಲ. ಫ್ರಾನೆಕರ್, ಆಮ್‌ಸ್ಟರ್‌ಡಾಂ, ಲೈಡನ್, ಡೆವೆಂಟರ್, ಉಟ್ರೆಕ್ಟ್, ಎಂಡೆಗೀಸ್ಟ್, ಎಗ್ಮಂಡ್. ಫ್ರಾನ್ಸಿನವರಿಗೆ ಅವನ ಅಡ್ರೆಸ್ ಗೊತ್ತಾಗಬಾರದು. ಕಾಗದಗಳೆಲ್ಲ ಪ್ಯಾರಿಸ್ಸಿನ ಮೆರ್ಸೆನ್ ಅನ್ನೋ ಸನ್ಯಾಸಿಯ ಮೂಲಕ ಓಡಾಡಬೇಕು. ಮೆರ್ಸೆನ್ ಆ ಕಾಲದ ಸರ್ವರ್ ಅಂತಲೇ ಅನ್ನಬಹುದು. ಯುರೋಪಿನ ಗಣಿತಜ್ಞರೆಲ್ಲ ಅವನಿಗೆ ಬರೆಯುತ್ತಿದ್ದರು, ಅವನು ಅವರ ಮಾತನ್ನ ಇವರಿಗೆ, ಇವರ ಮಾತನ್ನ ಅವರಿಗೆ ದಾಟಿಸುತ್ತಿದ್ದ. ಎಲ್ಲೋ ಹಳ್ಳಿಯಲ್ಲಿ ಕೂತು ಬರೆದ ಕಾಗದಕ್ಕೆ ಡೆಕಾರ್ಟ್ ದೊಡ್ಡ ಪಟ್ಟಣದ ಹೆಸರು ಹಾಕಿದ್ದೂ ಉಂಟು. ಹುಡುಕಿಕೊಂಡು ಬಂದವರು ಅಲ್ಲಿಗೇ ಹೋಗಿ ವಾಪಸ್ಸಾಗಲಿ ಅಂತ.

ನಮ್ಮ ಪ್ರೋಗ್ರಾಂನಲ್ಲಿ ಇದಕ್ಕೆ ಹೋಲುವ ಒಂದು ನಡವಳಿಕೆ ಇದೆ. ಮೌಸನ್ನ ವಿಂಡೋದಿಂದ ಆಚೆ ಒಯ್ದರೆ ಮೋಷನ್ ಇವೆಂಟ್ ಬರೋದು ನಿಲ್ಲುತ್ತೆ. ಲೇಬಲ್ ಕೊನೆಯ ಎರಡು ಸಂಖ್ಯೆ ಹಿಡಕೊಂಡು ಹಾಗೇ ನಿಂತಿರುತ್ತೆ, ಮೌಸ್ ಅಲ್ಲಿ ಇಲ್ಲದಿದ್ದರೂ. ಆಚೆ ಹೋದದ್ದು ಗೊತ್ತಾಗಬೇಕಾದರೆ ಲೀವ್ ಅನ್ನೋ ಬೇರೆ ಇವೆಂಟನ್ನ ಕಟ್ಟಬೇಕು. ಆನ್‌ಲೈನ್ ಟೆಸ್ಟ್ ಬರೆಯುವಾಗ ಪಾಯಿಂಟರ್ ಕಿಟಕಿಯಿಂದ ಹೊರಗೆ ಹೋದರೆ ಎಚ್ಚರಿಕೆ ಕೊಡುವ ಸಾಫ್ಟ್‌ವೇರುಗಳು ಇಂಥದೇ ಇವೆಂಟುಗಳ ಮೇಲೆ ನಿಂತಿವೆ. ಪಾಯಿಂಟರ್ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಬರೆದಿಟ್ಟುಕೊಳ್ಳುವ ವೆಬ್ ಪೇಜುಗಳೂ ಇವೆ. ಡೆಕಾರ್ಟ್ ಅಂಥ ಪೇಜಿನಲ್ಲಿ ಐದು ನಿಮಿಷ ಇರ್ತಿರಲಿಲ್ಲ.

ಪುಸ್ತಕ ಬಂದ ಮೇಲೆ ಹೆಸರು ಬಚ್ಚಿಡೋಕೆ ಆಗಲಿಲ್ಲ. ಬರೆದವರು ಯಾರು ಅಂತ ಬೇಗನೇ ಎಲ್ಲರಿಗೂ ಗೊತ್ತಾಯಿತು, ಜಗಳಗಳೂ ಶುರುವಾದವು. ಮುಖ್ಯವಾದದ್ದು ತುಲೂಸ್ ನಗರದ ಪಿಯರ್ ಫರ್ಮಾ ಜೊತೆ. ಫರ್ಮಾ ವೃತ್ತಿಯಿಂದ ನ್ಯಾಯಾಲಯದ ಅಧಿಕಾರಿ, ಬಿಡುವಿನಲ್ಲಿ ಗಣಿತ. ಎರಡು ಅಜ್ಞಾತ ಸಂಖ್ಯೆಗಳ ಸಮೀಕರಣ ಇದ್ದರೆ ಅದು ಒಂದು ರೇಖೆಯನ್ನ ಎಳೆಯುತ್ತೆ ಅನ್ನೋದನ್ನ ಅವನು ಸ್ವತಂತ್ರವಾಗಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಂಡುಕೊಂಡಿದ್ದ. ಆದರೆ ಅಚ್ಚು ಹಾಕಿಸಲಿಲ್ಲ. ಕೈಬರಹ ಪ್ಯಾರಿಸ್ಸಿನಲ್ಲಿ ಕೈಯಿಂದ ಕೈಗೆ ಓಡಾಡಿತು, ಅಚ್ಚಾದದ್ದು 1679ರಲ್ಲಿ, ಫರ್ಮಾ ಸತ್ತು ಹದಿನಾಲ್ಕು ವರ್ಷ ಆದ ಮೇಲೆ. ನಮ್ಮನ್ನ ಕೇಳಿದರೆ ಇವತ್ತಿನ ಕ್ಲಾಸ್‌ರೂಮಿಗೆ ಫರ್ಮಾನ ದಾರಿಯೇ ಹತ್ತಿರ. ಡೆಕಾರ್ಟ್ ಆಕಾರದಿಂದ ಸಮೀಕರಣಕ್ಕೆ ಹೋದ, ಫರ್ಮಾ ಸಮೀಕರಣದಿಂದ ಆಕಾರಕ್ಕೆ. ನಾವು ಗ್ರಾಫ್ ಎಳೆಯೋದು ಎರಡನೆಯ ರೀತಿಯಲ್ಲೇ. ಆದರೂ ಫರ್ಮಾಟಿಯನ್ ಅಕ್ಷಗಳು ಅಂತ ಯಾರೂ ಅನ್ನಲ್ಲ.

ಡೆಕಾರ್ಟನ ಪುಸ್ತಕ ಓದೋಕೆ ಕಷ್ಟ ಇತ್ತು. ಹಲವು ಹೆಜ್ಜೆಗಳನ್ನ ಬೇಕೆಂದೇ ಬಿಟ್ಟಿದ್ದ. ಎಲ್ಲ ಬರೆದುಬಿಟ್ಟರೆ ಓದುವವರಿಗೆ ಕಂಡುಹಿಡಿಯುವ ಖುಷಿ ಉಳಿಯಲ್ಲ ಅಂತ ಅವನ ಸಮಜಾಯಿಷಿ. ನಮ್ಮ ಕೆಲವು ಪಠ್ಯಪುಸ್ತಕಗಳೂ ಇದೇ ಖುಷಿಯನ್ನ ನಮಗೆ ಧಾರಾಳವಾಗಿ ಬಿಟ್ಟಿವೆ. ಲೈಡನ್ನಿನ ಫ್ರಾನ್ಸ್ ವಾನ್ ಸ್ಕೂಟನ್ ಅದನ್ನ ಲ್ಯಾಟಿನ್ನಿಗೆ ತಂದು, ಬಿಟ್ಟ ಹೆಜ್ಜೆಗಳನ್ನ ತುಂಬಿಸಿ, ಟಿಪ್ಪಣಿ ಸೇರಿಸಿ 1649ರಲ್ಲಿ ಅಚ್ಚು ಮಾಡಿಸಿದ. ಅದರ ಎರಡನೆಯ ಆವೃತ್ತಿ ಇಂಗ್ಲೆಂಡಿನಲ್ಲಿ ಒಬ್ಬ ವಿದ್ಯಾರ್ಥಿಯ ಕೈಗೆ ಸಿಕ್ಕಿತು. ಆ ವಿದ್ಯಾರ್ಥಿ ಐಸಾಕ್ ನ್ಯೂಟನ್.

ಇಲ್ಲಿಂದ ಮೂರು ಶತಮಾನ ಹಾರಿ ಒಂದು ಮಾತು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1960ರ ದಶಕದಲ್ಲಿ ಮಾಡಿದ ಮೊದಲ ಮೌಸ್ ಒಂದು ಮರದ ಡಬ್ಬಿ. ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಚಕ್ರ. ಒಂದು ಚಕ್ರ ಎಕ್ಸ್ ಅಳೆಯುತ್ತೆ, ಇನ್ನೊಂದು ವೈ. 1970ರಲ್ಲಿ ಸಿಕ್ಕ ಪೇಟೆಂಟಿನಲ್ಲಿ ಮೌಸ್ ಅನ್ನೋದು ಅದರ ಹೆಸರಲ್ಲ, ಪರದೆಗೆ ಎಕ್ಸ್-ವೈ ಸ್ಥಾನ ಸೂಚಕ ಅಂತಲೇ ಇದೆ. ಇಷ್ಟಾಗಿ ಮೌಸಿಗೆ ತಾನು ಎಲ್ಲಿದ್ದೀನಿ ಅಂತ ಗೊತ್ತೇ ಇಲ್ಲ. ಆಗಲೂ ಇರಲಿಲ್ಲ, ಈಗಿನ ಆಪ್ಟಿಕಲ್ ಮೌಸಿಗೂ ಇಲ್ಲ. ಹಿಂದಿನ ಕ್ಷಣಕ್ಕಿಂತ ಈ ಕಡೆ ಇಷ್ಟು, ಆ ಕಡೆ ಇಷ್ಟು ಸರಿದೆ ಅಂತ ಮಾತ್ರ ಅದು ಹೇಳುತ್ತೆ. ಅದನ್ನೆಲ್ಲ ಕೂಡಿಸುತ್ತಾ ಪಾಯಿಂಟರ್ ಈಗ ಇಲ್ಲಿದೆ ಅಂತ ಲೆಕ್ಕ ಇಡೋದು ಆಪರೇಟಿಂಗ್ ಸಿಸ್ಟಮ್. ಆ ಲೆಕ್ಕದಿಂದ ವಿಂಡೋದ ಮೂಲೆಯ ಸ್ಥಾನ ಕಳೆದು ನಮ್ಮ ಫಂಕ್ಷನ್ನಿಗೆ ಕೊಡುತ್ತಾರೆ. ಅದಕ್ಕೇ ಟಿಕಿಂಟರಿನಲ್ಲಿ ಎಕ್ಸ್ ಎರಡು ಬಗೆ, ವಿಂಡೋದ ಮೂಲೆಯಿಂದ ಒಂದು, ಇಡೀ ಪರದೆಯ ಮೂಲೆಯಿಂದ ಇನ್ನೊಂದು.

ಮತ್ತೆ ಡೆಕಾರ್ಟನ ಮನೆಗೆ. ಆಮ್‌ಸ್ಟರ್‌ಡಾಮಿನಲ್ಲಿ ಅವನು ಬಾಡಿಗೆಗಿದ್ದ ಮನೆಯಲ್ಲಿ ಹೆಲೆನಾ ಯಾನ್ಸ್ ಅನ್ನೋ ಹೆಣ್ಣುಮಗಳು ಕೆಲಸಕ್ಕಿದ್ದಳು. ಇಬ್ಬರಿಗೂ 1635ರಲ್ಲಿ ಒಂದು ಮಗಳು ಹುಟ್ಟಿದಳು, ಫ್ರಾನ್ಸೀನ್. ಮದುವೆ ಆಗಿರಲಿಲ್ಲ. ವಿಷಯ ಹೊರಗೆ ಬರದ ಹಾಗೆ ನೋಡಿಕೊಂಡ. ಮಗಳನ್ನ ಫ್ರಾನ್ಸಿಗೆ ಕಳಿಸಿ ಓದಿಸಬೇಕು ಅಂತ ಯೋಚನೆ ಮಾಡಿಕೊಂಡಿದ್ದ. 1640ರ ಸೆಪ್ಟೆಂಬರಿನಲ್ಲಿ ಜ್ವರ ಬಂದು, ಮೈಯೆಲ್ಲ ಕೆಂಪು ಗುಳ್ಳೆ ಎದ್ದು, ಐದು ವರ್ಷದ ಫ್ರಾನ್ಸೀನ್ ತೀರಿಕೊಂಡಳು. ಮರು ತಿಂಗಳು ತಂದೆಯೂ ಹೋದ. ಅಳೋದು ಹೆಂಗಸರಿಗೆ ಮಾತ್ರ ಅನ್ನುವವರ ಗುಂಪಿನಲ್ಲಿ ತಾನಿಲ್ಲ ಅಂತ ಸ್ವಲ್ಪ ದಿನದ ಮೇಲೆ ಒಬ್ಬ ಗೆಳೆಯನಿಗೆ ಬರೆದ. ಎಲ್ಲವನ್ನೂ ಅಳತೆಗೆ ತರಬಹುದು ಅಂದುಕೊಂಡಿದ್ದ ಮನುಷ್ಯನ ಕಾಗದಗಳಲ್ಲಿ ಇದೊಂದನ್ನ ಓದಿದಾಗ ನಾವು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಅವನ ಎಲ್ಲ ಮಾತನ್ನೂ ಒಪ್ಪೋಕೆ ಆಗಲ್ಲ. ಪ್ರಾಣಿಗಳು ಯೋಚನೆ ಇಲ್ಲದ ಯಂತ್ರಗಳು, ಗಡಿಯ���ರದ ಹಾಗೆ ಅಂತ ಅವನ ವಾದ. ಮುಧೋಳ ನಾಯಿ ಸಾಕಿದ ಮನೆಯಲ್ಲಿ ಬಂದು ಈ ಮಾತು ಹೇಳಿದ್ದರೆ ಚಹಾ ಸಿಗ್ತಿರಲಿಲ್ಲ. ಆದರೆ ಅವನಿಗೇ ಎದುರು ನಿಂತು ಪ್ರಶ್ನೆ ಕೇಳಿದವರ ಮಾತನ್ನ ಅವನು ಕೇಳಿಸಿಕೊಂಡದ್ದೂ ಇದೆ. ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲಿ, ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಜಾಗವನ್ನೇ ಆಕ್ರಮಿಸದ ಮನಸ್ಸು ಜಾಗದಲ್ಲಿರುವ ದೇಹವನ್ನ ಹೇಗೆ ಅಲ್ಲಾಡಿಸುತ್ತೆ ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಅವನು ಕೊಟ್ಟ ಯಾವ ಉತ್ತರಕ್ಕೂ ಆಕೆಗೆ ಸಮಾಧಾನ ಆಗಲಿಲ್ಲ, ಪತ್ರಗಳು ಅವನು ಸಾಯುವ ಹೊತ್ತಿನವರೆಗೂ ನಡೆದವು.

ಇಷ್ಟರಲ್ಲಿ ನೆದರ್‌ಲ್ಯಾಂಡ್ಸ್ ಕೂಡ ನೆಮ್ಮದಿಯ ಜಾಗ ಆಗಿ ಉಳಿದಿರಲಿಲ್ಲ. ಉಟ್ರೆಕ್ಟ್ ವಿಶ್ವವಿದ್ಯಾಲಯ ಅವನ ತತ್ವವನ್ನ ಖಂಡಿಸಿತು, ನಾಸ್ತಿಕ ಅನ್ನೋ ಆರೋಪ ಬಂತು. ಸ್ವೀಡನ್ನಿನ ರಾಣಿ ಕ್ರಿಸ್ಟೀನಾಳಿಂದ ಕರೆ ಬಂದದ್ದು ಇಂಥ ಹೊತ್ತಿನಲ್ಲಿ. ಆಕೆಗೆ ಇನ್ನೂ ಇಪ್ಪತ್ಮೂರೂ ತುಂಬಿರಲಿಲ್ಲ. ಡೆಕಾರ್ಟ್ ಬಹಳ ದಿನ ಹಿಂದೆಮುಂದೆ ನೋಡಿದ. ಕೊನೆಗೆ 1649ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಂ ತಲುಪಿದ, ಫ್ರೆಂಚ್ ರಾಯಭಾರಿ ಶಾನೂ ಮನೆಯಲ್ಲಿ ಇಳಿದುಕೊಂಡ. ರಾಣಿಗೆ ಪಾಠ ಕೇಳೋಕೆ ಬಿಡುವಿದ್ದದ್ದು ಬೆಳಗಿನ ಐದು ಗಂಟೆಗೆ. ಹುಡುಗನಾಗಿದ್ದಾಗಿನಿಂದ ಬಿಸಿಲು ಏರುವವರೆಗೂ ಹಾಸಿಗೆ ಬಿಡದವನು ಐವತ್ಮೂರರ ವಯಸ್ಸಿನಲ್ಲಿ ಸ್ವೀಡನ್ನಿನ ಜನವರಿ ಕತ್ತಲಲ್ಲಿ ಗಾಡಿ ಹತ್ತಿ ಅರಮನೆಯ ಲೈಬ್ರರಿಗೆ ಹೋಗಬೇಕಾಯಿತು. ನಾಲ್ಕು ತಿಂಗಳಿಗೆಲ್ಲ ಮುಗೀತು. ಮೊದಲು ಶಾನೂಗೆ ಕಾಯಿಲೆ ಬಂತು, ಅವನು ಚೇತರಿಸಿಕೊಂಡ. ಆಮೇಲೆ ಡೆಕಾರ್ಟ್ ಮಲಗಿದ. 1650ರ ಫೆಬ್ರವರಿ 11ರಂದು ನ್ಯುಮೋನಿಯಾದಿಂದ ತೀರಿಕೊಂಡ.

ಪ್ರಾಟೆಸ್ಟೆಂಟರ ದೇಶದಲ್ಲಿ ಸತ್ತ ಕ್ಯಾಥೊಲಿಕ್ ಅವನು. ಅನಾಥ ಮಕ್ಕಳನ್ನ ಹೂಳುತ್ತಿದ್ದ ಸ್ಮಶಾನದಲ್ಲಿ ಜಾಗ ಸಿಕ್ಕಿತು. 1663ರಲ್ಲಿ ರೋಮ್ ಅವನ ಪುಸ್ತಕಗಳನ್ನ ನಿಷೇಧದ ಪಟ್ಟಿಗೆ ಸೇರಿಸಿತು. 1666ರಲ್ಲಿ ಫ್ರೆಂಚರು ಗೋರಿ ತೆಗೆಸಿ ಮೂಳೆಗಳನ್ನ ಪ್ಯಾರಿಸ್ಸಿಗೆ ಒಯ್ದರು. ಒಂದು ಚರ್ಚಿನಲ್ಲಿ ಇಟ್ಟರು, ಕ್ರಾಂತಿಯ ಕಾಲದಲ್ಲಿ ಅಲ್ಲಿಂದ ತೆಗೆದರು. ಮಹಾಪುರುಷರ ಸ್ಮಾರಕವಾದ ಪ್ಯಾಂಥಿಯಾನಿಗೆ ಸಾಗಿಸಬೇಕು ಅಂತ 1793ರಲ್ಲಿ ಠರಾವು ಆಯಿತು, ಠರಾವು ಕಾಗದದಲ್ಲೇ ಉಳೀತು. 1819ರಲ್ಲಿ ಸಾಂ ಜೆರ್ಮೆ ದೆ ಪ್ರೆ ಚರ್ಚಿಗೆ ತಂದಾಗ ಪೆಟ್ಟಿಗೆಯಲ್ಲಿ ತಲೆಬುರುಡೆ ಇರಲಿಲ್ಲ.

ಅದು ಸ್ವೀಡನ್ನಿನಲ್ಲೇ ಉಳಿದಿತ್ತು. ಗೋರಿ ತೆಗೆದಾಗ ಕಾವಲಿಗಿದ್ದ ಅಧಿಕಾರಿ ಎತ್ತಿಟ್ಟುಕೊಂಡಿದ್ದನಂತೆ. ಆಮೇಲೆ ಅದು ಕೈಯಿಂದ ಕೈಗೆ ಹೋಯಿತು. ಇಟ್ಟುಕೊಂಡವರಲ್ಲಿ ಹಲವರು ಬುರುಡೆಯ ಮೇಲೇ ತಮ್ಮ ಹೆಸರು ಬರೆದರು. ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1821ರಲ್ಲಿ ಅದನ್ನ ಪತ್ತೆ ಮಾಡಿ ಪ್ಯಾರಿಸ್ಸಿನ ಕುವಿಯೆಗೆ ಕಳಿಸಿದ. ಈಗ ಅದು ಪ್ಯಾರಿಸ್ಸಿನ ಮಾನವ ಮ್ಯೂಸಿಯಂನ ಸಂಗ್ರಹದಲ್ಲಿದೆ, ಕೆಳದವಡೆ ಇಲ್ಲ. ಉಳಿದ ಮೂಳೆಗಳು ಇನ್ನೂ ಚರ್ಚಿನಲ್ಲೇ ಇವೆ. ಎರಡರ ನಡುವೆ ನೇರ ಗೆರೆ ಎಳೆದರೆ ಸುಮಾರು ಮೂರೂವರೆ ಕಿಲೋಮೀಟರ್.